ಲೆಕ್ಕದಲ್ಲಿ ಹಿಂದುಳಿದ ಮಗುವಿಗೆ ಎಂತಹ ಮನೆಪಾಠ?

ಮೂವರು ಬಾಲಕರಿಗೆ ೪೦೨ರಿಂದ ೧೫೭ನ್ನು ಕಳೆಯುವಂತೆ ಹೇಳಿದೆವೆಂದು ಭಾವಿಸೋಣ. ಒಬ್ಬನ ಉತ್ತರ ೩೫೫, ಇನ್ನೊಬ್ಬನದು ೩೪೫, ಮತ್ತೊಬ್ಬನದು ೨೪೬. ಸರಿಯಾದ ಉತ್ತರ ೨೪೫ ಆದುದರಿಂದ ಮೂವರಿಗೂ ದೊರೆಯುವುದು ಸೊನ್ನೆಯೇ. ಮೂವರ ಮನೆಗಳಲ್ಲಿಯೂ ಹೊರಡುವುದು ಒಂದೇ ಮಾತು: ‘ನಮ್ಮ ಹುಡುಗನಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ, ಮನೆಪಾಠಕ್ಕೆ ಹಾಕಬೇಕು.’ ಹಾಕುವುದೇನೋ ಸುಲಭ. ಎಂತಹ ಪಾಠಕ್ಕೆ ಎಂಬುದೇ ಪ್ರಶ್ನೆ.

ಉತ್ತರಗಳನ್ನು ತುಸು ಸೂಕ್ಷ್ಮವಾಗಿ ಪರೀಕ್ಷಿಸಿದರೆ ಈ ಮೂವರು ಒಂದೇ ರೋಗಕ್ಕೆ ಗುರಿಯಾದವರಲ್ಲವೆಂಬುದು ಗೊತ್ತಾಗುತ್ತದೆ. ಮೊದಲನೆಯವನು ಪ್ರತಿಯೊಂದು ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾನೆ. ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂಬ ಗೊಡವೆ ಅವನಿಗಿಲ್ಲ. ೭ರಲ್ಲಿ ೨ ಹೋದರೆ ೫, ೫ರಲ್ಲಿ ಸೊನ್ನೆ ಹೋದರೆ ೫, ೪ರಲ್ಲಿ ೧ ಹೋದರೆ ೩. ಎರಡನೆಯವನು ಇವನಿಗಿಂತ ಬಹು ದೂರ ನಡೆದಿದ್ದಾನೆ. ೨ನ್ನು ೧೨ ಮಾಡಿಕೊಂಡು ೭ನ್ನು ಕಳೆದ; ನಡುವಣ ಸೊನ್ನೆಯನ್ನು ೯ ಮಾಡಿದ; ಆದರೆ ಆ ಸಾಲವನ್ನು ನೂರರ ಮನೆಯಿಂದ ತಂದೆನೆಂಬುದನ್ನು ಮರೆತು ೪ನ್ನು ೪ಆಗಿಯೇ ಉಳಿಸಿದ. ಮೂರನೆಯವನ ವಿಧಾನದಲ್ಲಿ ಲೋಪವೇ ಇಲ್ಲ. ೧೨ರಲ್ಲಿ ೭ ಹೋದರೆ ೬ ಎಂದು ಅವನ ಬಾಯಿಪಾಠ ತಪ್ಪಿತು, ಅಷ್ಟೆ.

ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಸಂಶೋಧಕರು ಇಂತಹ ತಪ್ಪುಗಳನ್ನು ವಿಶ್ಲೇಷಿಸಿ ೧೯೭೮ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮಕ್ಕಳ ತಪ್ಪುಗಳಲ್ಲಿ ಬಹಳಷ್ಟು ಅಲಕ್ಷ್ಯದಿಂದ ಹುಟ್ಟಿದವಲ್ಲ. ತಪ್ಪಾದ ಒಂದು ನಿಯಮವನ್ನು ಮಗು ಬಹು ಶ್ರದ್ಧೆಯಿಂದ ಅನುಸರಿಸುವುದರ ಫಲ ಎಂಬುದು ಅವರ ತೀರ್ಮಾನ. ಬಗ್ಗಿ ಎಂಬ ಹೆಸರಿನ ಅವರ ಕಂಪ್ಯೂಟರ್ ಕಾರ್ಯಕ್ರಮವು ಮಕ್ಕಳಂತೆಯೇ ಕ್ರಮಬದ್ಧವಾಗಿ ತಪ್ಪು ಮಾಡುತ್ತಿತ್ತು. ಆ ತಪ್ಪಿನ ಹಿಂದಿರುವ ನಿಯಮವನ್ನು ಪತ್ತೆಹಚ್ಚುವುದು ಉಪಾಧ್ಯಾಯರಿಗೆ ಅಭ್ಯಾಸ.

ಹೀಗಿರುವಲ್ಲಿ ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಐವತ್ತು ಲೆಕ್ಕ ಮಾಡಿಸಿದರೆ ಆಗುವುದೇನು? ಮೂರನೆಯವನು ಸುಧಾರಿಸಬಹುದು, ಅವನಿಗೆ ಬೇಕಾದುದು ಅಭ್ಯಾಸವೇ. ಮೊದಲನೆಯವನಾದರೋ ತನ್ನ ತಪ್ಪನ್ನೇ ಐವತ್ತು ಸಲ ಗಟ್ಟಿಮಾಡಿಕೊಳ್ಳುತ್ತಾನೆ. ಅವನ ಮುಂದೆ ಇಡಬೇಕಾದುದು ಹತ್ತು ಹತ್ತರಂತೆ ಕಟ್ಟಿದ ಕಡ್ಡಿಗಳ ಕಂತೆ. ಒಂದು ಕಂತೆಯನ್ನು ಬಿಚ್ಚಿ ಬಿಡಿ ಕಡ್ಡಿಗಳೊಡನೆ ಸೇರಿಸಿ ಎಣಿಸಿದಾಗಲೇ ‘ಸಾಲ’ ಎಂಬ ಮಾತಿನ ಅರ್ಥ ಅವನ ಕೈಗೆ ಸಿಕ್ಕುತ್ತದೆ. ಮಗ್ಗಿಯ ಬಾಯಿಪಾಠವನ್ನು ಹಳೆಯ ಕಾಲದ ಕ್ರೌರ್ಯವೆಂದು ತಳ್ಳಿಹಾಕುವವರೂ ಉಂಟು, ಅದೊಂದರಿಂದಲೇ ಸರ್ವವೂ ಸಿದ್ಧಿಸುವುದೆನ್ನುವವರೂ ಉಂಟು. ಇಬ್ಬರೂ ಮಗುವಿನ ಹಲಗೆಯನ್ನು ನೋಡಿದವರಲ್ಲ.

ಕಳೆಯುವ ಲೆಕ್ಕದಲ್ಲಿ ಉಳಿದ ತೊಡಕು ಭಾಗಾಕಾರದಲ್ಲಿ ಬೆಳೆಯುತ್ತದೆ, ಭಿನ್ನರಾಶಿಯಲ್ಲಿ ಹೆಮ್ಮರವಾಗುತ್ತದೆ. ಪಠ್ಯಪುಸ್ತಕ ಮಾತ್ರ ಯಾರಿಗಾಗಿಯೂ ನಿಲ್ಲುವುದಿಲ್ಲ. ನಮ್ಮ ದೇಶದ ಗ್ರಾಮಾಂತರ ಪ್ರದೇಶಗಳಲ್ಲಿ ೨೦೨೪ರಲ್ಲಿ ನಡೆದ ‘ಅಸರ್’ ಸಮೀಕ್ಷೆಯಂತೆ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಐದನೆಯ ತರಗತಿಯ ಮಕ್ಕಳಲ್ಲಿ ನೂರಕ್ಕೆ ಸುಮಾರು ೩೦ ಮಂದಿ. ದಿಲ್ಲಿಯಲ್ಲಿ ೨೦೧೫ರಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದರಲ್ಲಿ, ಆರನೆಯ ತರಗತಿಯ ಸಾಮಾನ್ಯ ವಿದ್ಯಾರ್ಥಿಯು ಗಣಿತದಲ್ಲಿ ತನ್ನ ತರಗತಿಗಿಂತ ಸುಮಾರು ಎರಡೂವರೆ ವರ್ಷ ಹಿಂದಿದ್ದುದು ಕಂಡುಬಂತು. ಅಂತಹ ಮಗುವಿಗೆ ಆರನೆಯ ತರಗತಿಯ ಪಾಠವನ್ನೇ ಸಂಜೆ ಇನ್ನೊಮ್ಮೆ ಹೇಳಿಕೊಡುವ ಮನೆಪಾಠವೆಂದರೆ, ಬೆಳಗ್ಗೆ ತಿಳಿಯದ ಭಾಷೆಯನ್ನು ಸಂಜೆ ಗಟ್ಟಿಯಾಗಿ ಕೂಗಿ ಹೇಳಿದಂತೆ.

ಆ ಪ್ರಯೋಗದಲ್ಲಿ ಮಕ್ಕಳು ಶಾಲೆಯ ನಂತರ ಕೇಂದ್ರಕ್ಕೆ ಬಂದು, ಅವರವರ ಮಟ್ಟವನ್ನು ಅಳೆದು ಅಲ್ಲಿಂದಲೇ ಮುಂದುವರಿಸುವ ಕಂಪ್ಯೂಟರ್ ಪಾಠವನ್ನೂ, ಸಣ್ಣ ಗುಂಪಿನಲ್ಲಿ ಉಪಾಧ್ಯಾಯರ ಸಹಾಯವನ್ನೂ ಪಡೆದರು. ನಾಲ್ಕೂವರೆ ತಿಂಗಳಲ್ಲಿ ಆದ ಪ್ರಗತಿ ೦.೩೭ ಮಾನಕ ವಿಚಲನೆ. ಎಂದರೆ ನೂರು ಮಂದಿಯ ಸಾಲಿನಲ್ಲಿ ನಡುವೆ ನಿಂತಿದ್ದವನು ಸುಮಾರು ಹದಿನಾಲ್ಕು ಮಂದಿಯನ್ನು ಹಿಂದೆ ಹಾಕಿದಂತೆ. ಆದರೂ ಶಾಲೆಯ ಗಣಿತ ಪರೀಕ್ಷೆಯ ಅಂಕಗಳಲ್ಲಿ ಈ ಪ್ರಗತಿ ಎದ್ದುಕಾಣಲಿಲ್ಲ! ಕಾರಣ ಸರಳ: ಶಾಲೆಯ ಪ್ರಶ್ನೆಗಳು ಆರನೆಯ ತರಗತಿಯವು, ಮಗು ಇನ್ನೂ ಅದಕ್ಕಿಂತ ಕೆಳಗಿನ ತರಗತಿಗಳ ಮಟ್ಟದಲ್ಲಿಯೇ ಮೇಲೇರುತ್ತಿತ್ತು. ಇಲ್ಲಿ ತಾಳ್ಮೆಗೆಟ್ಟ ತಂದೆತಾಯಿಗಳು ಒಳ್ಳೆಯ ಪಾಠವನ್ನೇ ಬಿಡಿಸಿಬಿಡುವ ಅಪಾಯವಿದೆ.

ಹೇಳಿಕೊಡುವವರು ಮಹಾ ವಿದ್ವಾಂಸರಾಗಿರಬೇಕೆಂದೇನೂ ಇಲ್ಲ. ಮುಂಬಯಿ ಮತ್ತು ವಡೋದರಾ ನಗರಗಳಲ್ಲಿ ೨೦೦೧ರಿಂದ ೨೦೦೩ರವರೆಗೆ ಪ್ರಥಮ್ ಸಂಸ್ಥೆಯವರು ‘ಬಾಲಸಖಿ’ಯರೆಂಬ ಸ್ಥಳೀಯ ತರುಣಿಯರಿಂದ, ಹಿಂದುಳಿದ ಹದಿನೈದು ಇಪ್ಪತ್ತು ಮಕ್ಕಳ ಗುಂಪುಗಳಿಗೆ ದಿನಕ್ಕೆ ಎರಡು ಗಂಟೆ ಮೂಲ ಪಾಠಗಳನ್ನೇ ಹೇಳಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಅದನ್ನು ಅಳೆದು, ಲಾಭ ನಿಜವಾದುದೆಂದು ೨೦೦೭ರಲ್ಲಿ ವರದಿ ಮಾಡಿದರು. ಪಾಠ ನಿಂತು ಒಂದು ವರ್ಷವಾದ ಮೇಲೆ ಆ ಲಾಭದ ಬಹುಭಾಗ ಕರಗಿತ್ತೆಂಬುದನ್ನೂ ಅವರೇ ಹೇಳಿದ್ದಾರೆ.

ಒಬ್ಬನಿಗೆ ಒಬ್ಬ ಗುರು ಎಂಬ ಏರ್ಪಾಡು ಶ್ರೇಷ್ಠವೆಂಬ ನಂಬಿಕೆ ಹಳೆಯದು. ೧೯೮೪ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ವಿದ್ವಾಂಸನು, ಅಂತಹ ಬೋಧನೆ ಪಡೆದ ಸಾಮಾನ್ಯ ವಿದ್ಯಾರ್ಥಿಯು ಸಾಧಾರಣ ತರಗತಿಯ ನೂರರಲ್ಲಿ ೯೮ ಮಂದಿಯನ್ನು ಮೀರಿಸುತ್ತಾನೆಂದು ಬರೆದು ಬೆರಗುಗೊಳಿಸಿದನು. ೨೦೧೧ರಲ್ಲಿ ಕರ್ಟ್ ವ್ಯಾನ್‌ಲೆನ್ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಸಂಖ್ಯೆ ಸುಮಾರು ೭೮ಕ್ಕೆ ಇಳಿಯಿತು. ಆಗಲಿ, ಅದೂ ಅಲ್ಪವಲ್ಲ. ಆದರೆ ವೆಚ್ಚ ಹೆಚ್ಚು.

ಜಪಾನಿನ ಪ್ರೌಢಶಾಲಾ ಉಪಾಧ್ಯಾಯ ಟೋರು ಕುಮೊನ್ ೧೯೫೪ರಲ್ಲಿ ತನ್ನ ಮಗನಿಗೆಂದು ದಿನಕ್ಕಿಷ್ಟು ಲೆಕ್ಕದ ಹಾಳೆಗಳನ್ನು ಬರೆಯತೊಡಗಿದನು. ಅದು ಮುಂದೆ ಲೋಕವ್ಯಾಪಿಯಾಯಿತು. ಮಗುವಿಗೆ ತೀರ ಸುಲಭವೆನಿಸುವ ಮಟ್ಟದಿಂದ ಮೊದಲಾಗುವುದು ಅದರ ಗುಣ. ಅಭ್ಯಾಸದ ಕೊರತೆಯೇ ರೋಗವಾಗಿದ್ದರೆ ಇದು ತಕ್ಕ ಮದ್ದು. ಅರ್ಥದ ಕೊರತೆಯಾದರೆ ಸಾಲದು. ಮಣಿಚೌಕಟ್ಟನ್ನು ಮನಸ್ಸಿನಲ್ಲಿಯೇ ಕಲ್ಪಿಸಿಕೊಂಡು ಲೆಕ್ಕ ಮಾಡುವ ಅಬಾಕಸ್ ತರಗತಿಗಳು ನಮ್ಮ ಊರುಗಳಲ್ಲಿಯೂ ಹೇರಳವಾಗಿವೆ. ಬುದ್ಧಿಶಕ್ತಿಯೇ ವೃದ್ಧಿಯಾಗುವುದೆಂದು ಕೆಲವು ಜಾಹೀರಾತುಗಳು ಸಾರುತ್ತವೆ. ವಡೋದರಾದಲ್ಲಿ ೨೦೦ಕ್ಕೂ ಹೆಚ್ಚು ಮಕ್ಕಳನ್ನು ಮೂರು ವರ್ಷ ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಅಂಕಗಣಿತದ ಲೆಕ್ಕಾಚಾರವೇನೋ ಸುಧಾರಿಸಿತು. ನೆನಪು, ಗಮನಗಳಂತಹ ಮೂಲ ಶಕ್ತಿಗಳು ಇದ್ದಂತೆಯೇ ಇದ್ದವು.

ತಂದೆತಾಯಿಗಳೇ ಹೇಳಿಕೊಡಬಾರದೆ? ಹೇಳಿಕೊಡಬಹುದು, ತಮಗೆ ಲೆಕ್ಕದ ಭಯವಿಲ್ಲದಿದ್ದರೆ. ಅಮೆರಿಕದಲ್ಲಿ ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳ ಬಗ್ಗೆ ನಡೆದ, ೨೦೧೫ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಲೆಕ್ಕಕ್ಕೆ ಅಂಜುವ ತಂದೆತಾಯಿಗಳು ಪದೇ ಪದೇ ನೆರವಾದಷ್ಟೂ ಮಕ್ಕಳು ಕಡಮೆ ಕಲಿತರು, ಅಂಜಿಕೆಯನ್ನು ಮಾತ್ರ ಹೆಚ್ಚಾಗಿ ಪಡೆದರು. ಈ ಕಾರಣದಿಂದಲೇ ಮನೆಯಲ್ಲಿ ತಮ್ಮನಿಗೋ ತಂಗಿಗೋ ಲೆಕ್ಕ ಹೇಳಿಕೊಡುವ ಕೆಲಸ ಅನೇಕ ವೇಳೆ ವಾಚಕರಾದ ನಿಮ್ಮ ಪಾಲಿಗೆ ಬರುತ್ತದೆ. ಆಗ ಉತ್ತರವನ್ನು ತಿದ್ದುವುದಕ್ಕೆ ಮೊದಲು ‘ಇದು ಹೇಗೆ ಬಂತು, ಹೇಳು’ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಅಭ್ಯಾಸಕ್ಕೆ ಕೊಡುವ ಲೆಕ್ಕಗಳನ್ನು ಬೆರಕೆ ಮಾಡಿ ಕೊಡಿ. ಫ್ಲಾರಿಡಾದ ಏಳನೆಯ ತರಗತಿಗಳಲ್ಲಿ ಡಗ್ ರೋರರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಬೇರೆ ಬೇರೆ ಬಗೆಯ ಲೆಕ್ಕಗಳನ್ನು ಬೆರಸಿ ಅಭ್ಯಾಸ ಮಾಡಿದವರು ಒಂದು ತಿಂಗಳಾದ ಮೇಲೆ ನೂರಕ್ಕೆ ೭೪ ಅಂಕ ಪಡೆದರು. ಒಂದೇ ಬಗೆಯವನ್ನು ಸಾಲಾಗಿ ಮಾಡಿದವರು ೪೨.

ಮನೆಪಾಠದವರನ್ನು ಆರಿಸುವಾಗಲೂ ಮೊದಲ ದಿನವನ್ನು ಗಮನಿಸಬೇಕು. ಮಗುವಿನ ಹಳೆಯ ಪುಸ್ತಕಗಳನ್ನು ತರಿಸಿ ತಪ್ಪುಗಳನ್ನು ನೋಡುವವರೋ, ಶುಲ್ಕದ ಪಟ್ಟಿಯನ್ನೇ ಮುಂದಿಡುವವರೋ? ಎರಡು ತರಗತಿ ಹಿಂದಕ್ಕೆ ಹೋಗಲು ಸಿದ್ಧರಿದ್ದಾರೆಯೆ? ಮಗುವಿನ ಶಾಲೆಯ ಉಪಾಧ್ಯಾಯರೇ ಸಂಜೆ ಹಣ ಪಡೆದು ಹೇಳಿಕೊಡಲು ಮುಂದಾದರೆ ಅದು ಸಲ್ಲದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೨೮ನೆಯ ಕಲಮು ಉಪಾಧ್ಯಾಯರ ಖಾಸಗಿ ಪಾಠವನ್ನು ನಿಷೇಧಿಸಿದೆ. ಅದೇ ಕಾಯಿದೆಯ ೨೪ನೆಯ ಕಲಮಿನಂತೆ, ಮಗುವಿನ ಮಟ್ಟವನ್ನು ಅಳೆದು ಬೇಕಾದ ಹೆಚ್ಚಿನ ಬೋಧನೆಯನ್ನು ಕೊಡುವುದು ಉಪಾಧ್ಯಾಯರ ಕರ್ತವ್ಯ. ಆದ್ದರಿಂದ ಹಣ ತೆರುವ ಮೊದಲು ಶಾಲೆಯಲ್ಲಿಯೇ ವಿಚಾರಿಸುವುದು ನ್ಯಾಯ.

ಕೆಲವು ಮಕ್ಕಳಿಗೆ ಇಷ್ಟೆಲ್ಲ ಮಾಡಿದರೂ ಎಂಟು ದೊಡ್ಡದೋ ಐದು ದೊಡ್ಡದೋ ಎಂಬುದೇ ಥಟ್ಟನೆ ಹೊಳೆಯುವುದಿಲ್ಲ. ಬೆರಳೆಣಿಕೆ ವರ್ಷಗಟ್ಟಲೆ ಬಿಡುವುದಿಲ್ಲ. ಇದು ಡಿಸ್ಕ್ಯಾಲ್ಕ್ಯುಲಿಯಾ ಎಂಬ ಹುಟ್ಟು ತೊಡಕಾಗಿರಬಹುದು. ನೂರರಲ್ಲಿ ಮೂರರಿಂದ ಆರು ಮಕ್ಕಳಿಗೆ ಇದು ಇರುವುದೆಂದು ಅಂದಾಜು. ಬುದ್ಧಿಮಾಂದ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದನ್ನು ಮಾನ್ಯ ಮಾಡಿದೆ. ಅದಕ್ಕೂ ಮುಂಚೆ ಕಣ್ಣಿನ ವೈದ್ಯರಲ್ಲಿಗೆ ಒಮ್ಮೆ ಹೋಗಿಬರುವುದು ಲೇಸು. ಕರಿಹಲಗೆಯ ಮೇಲಿನ ೮ನ್ನು ೩ ಎಂದು ಓದುವ ಮಗುವಿಗೆ ಬೇಕಾದುದು ಕನ್ನಡಕ.