ಮಾರಿಷಸ್‌ನಲ್ಲಿ ಹೊಡೆದ ಡಂಗುರ

ಕೆಂಗೇರಿ ದಾಟಿ ಶ್ರೀರಂಗಪಟ್ಟಣಕ್ಕೆ ಹೋದಾಗಲೆಲ್ಲ ಅದೇ ಕತೆ. ಕೋಟೆ ತೋರಿಸುವ ಗೈಡ್ ಟಿಪ್ಪುವಿಗೆ ದ್ರೋಹ ಬಗೆದನೆನ್ನುವ ಮಂತ್ರಿ ಮೀರ್ ಸಾದಿಕ್‌ನ ಹೆಸರು ಹೇಳಿ ಹಲ್ಲು ಕಡಿಯುತ್ತಾನೆ. ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ಟಿಕ್‌ನ ಸುದ್ದಿಯೇ ಇಲ್ಲ. ನನಗೆ ರೇಗುವುದು ಅದಕ್ಕೇ.

1797ರಲ್ಲಿ ರಿಪೋ ಎಂಬ ಫ್ರೆಂಚ್ ಹಡಗುದಾಳಿಕೋರ ಕೆಟ್ಟ ಹಡಗಿನೊಂದಿಗೆ ಮಂಗಳೂರು ಸೇರಿದ. ಮಾರಿಷಸ್‌ನಲ್ಲಿ ದೊಡ್ಡ ಸೇನೆ ಕಾದು ಕೂತಿದೆ ಎಂದು ಟಿಪ್ಪುವಿನೆದುರು ಬಡಾಯಿ ಕೊಚ್ಚಿದ. ನಂಬಬೇಡಿ ಎಂದರು ಆಸ್ಥಾನದ ಹಿರಿಯರು. 1792ರಲ್ಲಿ ಇಂಗ್ಲಿಷರ ಕೂಟಕ್ಕೆ ಸೋತು ಅರ್ಧ ರಾಜ್ಯ ಬಿಟ್ಟುಕೊಟ್ಟಿದ್ದ ದೊರೆಗೆ ಆ ಬುದ್ಧಿಮಾತು ರುಚಿಸಲಿಲ್ಲ. ಇಬ್ಬರು ರಾಯಭಾರಿಗಳು ವ್ಯಾಪಾರಿಗಳ ಸೋಗಿನಲ್ಲಿ ಹಡಗು ಹತ್ತಿದರು. ವಿಷಯ ಗುಟ್ಟಾಗಿರಬೇಕೆಂಬುದು ಕಟ್ಟಪ್ಪಣೆ.

1798ರ ಜನವರಿ 19ಕ್ಕೆ ಅವರು ಪೋರ್ಟ್ ಲೂಯಿ ಮುಟ್ಟಿದರು. ಗವರ್ನರ್ ಮಲಾರ್ಟಿಕ್ ಅವರನ್ನು ಬಹಿರಂಗವಾಗಿಯೇ ಮರ್ಯಾದೆಯಿಂದ ಬರಮಾಡಿಕೊಂಡ. ವ್ಯಾಪಾರಿ ವೇಷ ಅಲ್ಲಿಗೆ ಮುಗಿಯಿತು. ಕಳಿಸಲು ಅವನ ಬಳಿ ಸೇನೆ ಎಲ್ಲಿತ್ತು? ಸ್ವಯಂಸೇವಕರು ಬೇಕೆಂದು 30ರಂದು ಪ್ರಕಟಣೆಯನ್ನೇ ಹೊರಡಿಸಿದ. ಇಂಗ್ಲಿಷರನ್ನು ಓಡಿಸಲು ಟಿಪ್ಪು ಕಾತರನಾಗಿದ್ದಾನೆ, ಫ್ರೆಂಚರ ನೆರವು ಬಂದೊಡನೆ ಯುದ್ಧ ಸಾರುತ್ತಾನೆ ಎಂದು ಅದರಲ್ಲಿ ಒಕ್ಕಣೆ. ಮಿತ್ರನ ಎದೆಯಲ್ಲಿದ್ದದ್ದನ್ನು ಹನ್ನೊಂದೇ ದಿನದಲ್ಲಿ ಬೀದಿಗೆ ಹಾಕಿದ ಪುಣ್ಯಾತ್ಮ!

ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದ ಸೇನೆಯಲ್ಲಿ ನೂರು ಜನರೂ ಇರಲಿಲ್ಲ. ಜೂನ್‌ನಲ್ಲಿ ಆ ಪ್ರಕಟಣೆ ಕಲ್ಕತ್ತೆಯ ಪತ್ರಿಕೆಯಲ್ಲಿತ್ತು. ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಿದ್ದದ್ದೂ ಇಂಥದೊಂದು ನೆಪವೇ. ಮೊದಲು ಹೈದರಾಬಾದಿನ ನಿಜಾಮನ ಫ್ರೆಂಚ್ ಪಡೆಯ ಕೈಯಿಂದ ಆಯುಧ ಕೆಳಗಿಡಿಸಿದ, ಆಮೇಲೆ ಮೈಸೂರಿನತ್ತ ತಿರುಗಿದ. ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಕಾಗದವೂ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. 1799ರ ಮೇ 4ರಂದು ಕೋಟೆ ಬಿತ್ತು.

ಗುಟ್ಟು ಹಂಚಿಕೊಂಡದ್ದೇ ಟಿಪ್ಪುವಿನ ತಪ್ಪು ಎನ್ನಲಾರೆ. ಏನು ಬೇಕೆಂದು ಹೇಳದೆ ನೆರವು ಕೇಳುವುದಾದರೂ ಹೇಗೆ? ಇಂದು ಬೇಹುಗಾರಿಕೆ ಸಂಸ್ಥೆಗಳ ನಡುವೆ ಒಂದು ಕಟ್ಟುಪಾಡಿದೆ: ಮಾಹಿತಿ ಕೊಟ್ಟವರು ಒಪ್ಪದೆ ಮೂರನೆಯವರಿಗೆ ದಾಟಿಸಕೂಡದು. ಅದನ್ನೂ ಮುರಿದವರುಂಟು, ಆ ಮಾತು ಬೇರೆ. ಗುಟ್ಟಾಗಿಡಿ ಎಂಬ ಟಿಪ್ಪುವಿನ ಮಾತು ಬರಿಯ ಕೋರಿಕೆ, ಮಲಾರ್ಟಿಕ್‌ಗೆ ಅಂಥ ಕಟ್ಟುಪಾಡಿನ ಹಂಗಿರಲಿಲ್ಲ.

ಮಲಾರ್ಟಿಕ್ 1800ರಲ್ಲಿ ತೀರಿಕೊಂಡ. ಪೋರ್ಟ್ ಲೂಯಿಯ ಕುದುರೆ ರೇಸ್ ಮೈದಾನದಲ್ಲಿ ಅವನ ಗೋರಿ ಈಗಲೂ ಇದೆ.