ಡಬ್ಬಿಯ ಬೆನ್ನ ಮೇಲಿನ ಸಣ್ಣ ಅಕ್ಷರ

ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲಿನ ಆಸ್ಪತ್ರೆಯೊಂದರಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರಪಿಂಡದ ಒಂದೇ ಬಗೆಯ ಕಾಯಿಲೆಗೆ 22 ಮಂದಿ ಚಿಕಿತ್ಸೆ ಪಡೆದರು. ಪಾದಗಳಲ್ಲಿ ಊತ, ಮೂತ್ರದಲ್ಲಿ ನೊರೆ, ಸುಸ್ತು ಇವು ಆ ಕಾಯಿಲೆಯ ಲಕ್ಷಣಗಳು. 22 ಮಂದಿಯಲ್ಲಿ 15 ಮಂದಿಗೆ ಬಂದಿದ್ದುದು ಆ ಕಾಯಿಲೆಯ ಅಪರೂಪದ ಪ್ರಭೇದ. ವೈದ್ಯರು ಕಾರಣ ಹುಡುಕುತ್ತ ಹೋದಂತೆ ಈ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಹಚ್ಚುತ್ತಿದ್ದರೆಂಬುದು ತಿಳಿದುಬಂತು. ಕ್ರೀಮು ನಿಲ್ಲಿಸಿದ ಬಳಿಕ ಹೆಚ್ಚಿನವರು ಚೇತರಿಸಿಕೊಂಡರು. ‘ಕಿಡ್ನಿ ಇಂಟರ್‌ನ್ಯಾಷನಲ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಈ ವಿವರ ಪ್ರಕಟವಾದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಮಲಪ್ಪುರಂ ಕಾಸರಗೋಡಿನಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ. ಅಲ್ಲಿನ ಅಂಗಡಿಗೆ ಬರುವ ಡಬ್ಬಿ ಕುಂಬಳೆಯ, ಉಪ್ಪಳದ, ಬದಿಯಡ್ಕದ ಅಂಗಡಿಗೆ ಬರಲಾರದೆಂದು ಭಾವಿಸಲು ಕಾರಣವಿಲ್ಲ.

ಇಂಥ ಕ್ರೀಮುಗಳಲ್ಲಿನ ಅಪರಾಧಿ ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉತ್ಪತ್ತಿಯನ್ನು ಅದು ತಡೆಯುತ್ತದೆ. ಆದುದರಿಂದಲೇ ಕೆಲವೇ ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಹಚ್ಚಿದವರು ಸಂತೋಷಗೊಂಡು ಮತ್ತೊಂದು ಡಬ್ಬಿ ತರುತ್ತಾರೆ, ಪಕ್ಕದವರಿಗೂ ಹೇಳುತ್ತಾರೆ. ಅದೇ ಪಾದರಸ ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡದಲ್ಲಿ ಕೂರುತ್ತದೆ. ಹಚ್ಚಿದವರಿಗೆ ಮಾತ್ರ ಅಪಾಯವೆಂದು ತಿಳಿಯಬಾರದು. ಒಂದೇ ಬೈರಾಸು, ಒಂದೇ ದಿಂಬು, ತಾಯಿಯ ಕೆನ್ನೆಗೆ ಕೆನ್ನೆಯಿಡುವ ಮಗು ಎಂಬ ದಾರಿಗಳಲ್ಲಿ ಅದು ಮನೆಯ ಉಳಿದವರನ್ನೂ ತಲಪಬಲ್ಲದು.

ಕಾನೂನು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. 1940ರ ಔಷಧ ಕಾಯ್ದೆಗೆ 1962ರ ತಿದ್ದುಪಡಿಯಿಂದ ಸೌಂದರ್ಯವರ್ಧಕಗಳೂ ಸೇರಿದವು. ಮನುಷ್ಯನ ಮೈಗೆ ತಿಕ್ಕುವ, ಸುರಿಯುವ, ಎರಚುವ ಅಥವಾ ಲೇಪಿಸುವ, ಶುಚಿಗೋ ಚೆಲುವಿಗೋ ಬಳಸುವ ಯಾವುದೇ ವಸ್ತು ಆ ವ್ಯಾಖ್ಯೆಯೊಳಗೆ ಬರುತ್ತದೆ. ಪೌಡರು, ಕಣ್ಣಕಪ್ಪು, ಶಾಂಪೂ, ತುಟಿಬಣ್ಣ ಎಲ್ಲವೂ ಅದರಲ್ಲಿ ಅಡಕ. 2020ರ ಸೌಂದರ್ಯವರ್ಧಕ ನಿಯಮಗಳು ಪಾದರಸದ ಬಳಕೆಯನ್ನು ನಿಷೇಧಿಸಿವೆ. ಮುಖದ ಕ್ರೀಮಿನಂಥ ವಸ್ತುವಿನಲ್ಲಿ ಅರಿಯದೆ ಸೇರಿದರೂ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮೀರಕೂಡದು. ಬಣ್ಣಕ್ಕಾಗಿ ಸೀಸ ಮತ್ತು ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವಂತಿಲ್ಲ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿ ಅಂಗಡಿ ಹೊಕ್ಕು ತಪಾಸಣೆ ನಡೆಸಿತು. ಆದರೆ ಇಲಾಖೆಯ ಅಧಿಕಾರಿ ಪ್ರತಿಯೊಂದು ಸ್ನಾನದ ಕೋಣೆಯ ಕಪಾಟನ್ನು ತೆರೆದು ನೋಡಲಾರ. ಅಲ್ಲಿಗೆ ಕಾನೂನು ತಲಪುವುದು ಡಬ್ಬಿಯ ಬೆನ್ನ ಮೇಲೆ ಅಚ್ಚಾಗಿರುವ ಸಣ್ಣ ಅಕ್ಷರಗಳ ಮೂಲಕ. ಗಡಿನಾಡಿನ ಕನ್ನಡ ಮನೆಗಳಲ್ಲಿ ತೊಡಕಿರುವುದೂ ಅಲ್ಲಿಯೇ.

ಪೊಟ್ಟಣದ ವಸ್ತುಗಳ ಕುರಿತಾದ 2011ರ ನಿಯಮಗಳ ಪ್ರಕಾರ ಬೆಲೆ, ತೂಕ, ತಯಾರಕರ ವಿಳಾಸ ಮುಂತಾದ ಘೋಷಣೆಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆಯನ್ನು ಸೇರಿಸಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಫಲವಾಗಿ ಮಂಜೇಶ್ವರದ ಒಬ್ಬ ಗೃಹಿಣಿ ಕನ್ನಡವನ್ನು ಚೆನ್ನಾಗಿ ಓದಬಲ್ಲವಳಾಗಿ, ಮಲಯಾಳವನ್ನು ಮಾತಿನಲ್ಲಿ ನಿಭಾಯಿಸಬಲ್ಲವಳಾಗಿಯೂ, ತನ್ನ ಮುಖಕ್ಕೆ ಹಚ್ಚುವ ವಸ್ತುವಿನ ಪಾಲಿಗೆ ಅನಕ್ಷರಸ್ಥಳಾಗಿ ಉಳಿಯುತ್ತಾಳೆ. ಕನ್ನಡ ಮಾಧ್ಯಮ ಶಾಲೆಯ ಎಂಟನೆಯ ತರಗತಿಯ ಮಗು ಆ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಬಲ್ಲದು. ಮನೆಯಲ್ಲಿ ಆ ಕೆಲಸವನ್ನು ಅದಕ್ಕೆ ವಹಿಸಿದರೆ ಪಾಠವೂ ಆಯಿತು, ಕಾವಲೂ ಆಯಿತು.

ಹುಡುಕಬೇಕಾದುದು ಬಹಳವಿಲ್ಲ. ತಯಾರಕರ ಹೆಸರು ಮತ್ತು ವಿಳಾಸ ಇದೆಯೇ? ತಯಾರಿಕಾ ಪರವಾನಗಿಯ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವ ತಿಂಗಳು ಯಾವ ವರ್ಷದೊಳಗೆ ಬಳಸಬೇಕೆಂಬ ಸೂಚನೆ ಇವೆಯೇ? ವಿದೇಶದ ವಸ್ತುವಾದರೆ ಭಾರತದ ಆಮದುದಾರರ ವಿಳಾಸವೂ ನೋಂದಣಿ ಪ್ರಮಾಣಪತ್ರದ ಸಂಖ್ಯೆಯೂ ಇರಲೇಬೇಕು. ಘಟಕಗಳ ಪಟ್ಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಿಕ್, ಮರ್ಕ್ಯುರಸ್, ಕ್ಯಾಲೊಮೆಲ್ ಎಂಬ ಶಬ್ದಗಳಲ್ಲಿ ಯಾವುದು ಕಂಡರೂ ಅದು ಪಾದರಸವೇ. ಪಟ್ಟಿಯೇ ಇಲ್ಲದ ಡಬ್ಬಿಯಲ್ಲಿ ಇನ್ನೊಂದು ಗುರುತು ಇರುವುದುಂಟು: ಚಿನ್ನ, ಬೆಳ್ಳಿ, ಅಲ್ಯುಮಿನಿಯಮ್ ಆಭರಣಗಳಿಗೆ ತಾಗಿಸಬೇಡಿರೆಂಬ ಎಚ್ಚರಿಕೆ. ಚಿನ್ನಕ್ಕೆ ಅಂಟಿಕೊಳ್ಳುವುದು ಪಾದರಸದ ಹುಟ್ಟುಗುಣ. ಬಳೆಯನ್ನು ಕೆಡಿಸುವ ವಸ್ತು ಕೆನ್ನೆಗೆ ಯೋಗ್ಯವಾಗುವುದು ಹೇಗೆಂದು ಕೇಳಲು ಕಾನೂನು ಪದವಿ ಬೇಕಾಗಿಲ್ಲ.

ತಲೆಗೂದಲಿನ ಬಣ್ಣದ ವಿಷಯದಲ್ಲಿ ಮಾತ್ರ ಕಾನೂನು ಒಂದು ಹೆಜ್ಜೆ ಮುಂದೆ ಹೋಗಿದೆ. ಕೆಲವರ ಚರ್ಮಕ್ಕೆ ಇದರಿಂದ ಉರಿಯಾಗಬಹುದು, ಮೊದಲು ಪರೀಕ್ಷಿಸಿರಿ, ರೆಪ್ಪೆಗೂ ಹುಬ್ಬಿಗೂ ಹಚ್ಚಬೇಡಿರಿ, ಹಚ್ಚಿದರೆ ಕುರುಡುತನ ಬರಬಹುದು ಎಂಬರ್ಥದ ಎಚ್ಚರಿಕೆಯನ್ನು ಒಳಗಿನ ಮತ್ತು ಹೊರಗಿನ ಎರಡೂ ಲೇಬಲುಗಳ ಮೇಲೆ ಇಂಗ್ಲಿಷಿನಲ್ಲಿಯೂ ‘ಸ್ಥಳೀಯ ಭಾಷೆಗಳಲ್ಲಿಯೂ’ ಮುದ್ರಿಸಬೇಕೆಂದಿದೆ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ 24 ಗಂಟೆ ಕಾದು ನೋಡುವ ಪರೀಕ್ಷೆ ಅದು. ಪ್ರತಿ ಸಲ ಹಚ್ಚುವ ಮೊದಲೂ ಮಾಡಬೇಕಾದುದು. ಸ್ಥಳೀಯ ಭಾಷೆ ಎಂದರೆ ಯಾವುದು? ಕಾಸರಗೋಡಿನಲ್ಲಿ ಕನ್ನಡ ಸ್ಥಳೀಯವಲ್ಲವೆಂದು ವಾದಿಸಲು ಯಾವ ವಕೀಲನಿಗೂ ಸುಲಭವಾಗಲಾರದು. ಆದರೂ ಪೊಟ್ಟಣದೊಳಗಿನ ಕಾಗದವನ್ನು ಬಿಡಿಸಿ ಕನ್ನಡದ ಕಂಡಿಕೆ ಇದೆಯೇ ಎಂದು ನೋಡುವವರು ವಿರಳ.

ಹೀಗೆ ಓದದೆ ಕೊಳ್ಳುವುದಕ್ಕೆ ಜಾಹೀರಾತಿಗಿಂತಲೂ ದೊಡ್ಡ ಕಾರಣ ಸ್ನೇಹ. ಶಾಲೆ, ಸಹಕಾರಿ ಸಂಘ, ಅಂಗನವಾಡಿ, ಬ್ಯಾಂಕು ಎಲ್ಲಿಯೇ ಆಗಲಿ, ವರ್ಷಕ್ಕೊಮ್ಮೆ ಸಹೋದ್ಯೋಗಿಗಳು ಕೂಡಿ ಪ್ರವಾಸ ಹೊರಡುವುದು ರೂಢಿಯಾಗಿದೆ. ಊಟಿಯೋ ಕೊಡಗೋ ಕನ್ಯಾಕುಮಾರಿಯೋ ಆದೀತು. ಆ ಎರಡು ದಿನಗಳಲ್ಲಿ ಎಲ್ಲರ ಚೀಲಗಳೂ ತೆರೆದಿರುತ್ತವೆ. ಒಬ್ಬರ ಸಾಬೂನು ಇನ್ನೊಬ್ಬರಿಗೆ, ಒಬ್ಬರ ಕ್ರೀಮು ನಾಲ್ವರಿಗೆ. ‘ಅಕ್ಕಾ, ಇದನ್ನು ಹಚ್ಚಿ ನೋಡಿ, ಗಲ್ಫಿನಿಂದ ತಂದದ್ದು’ ಎಂಬ ಒಂದು ಮಾತು ಸಿನೆಮಾ ತಾರೆಯ ಹತ್ತು ಜಾಹೀರಾತುಗಳಿಗೆ ಸಮ. ಪೇಟೆಯ ಬೀದಿಯಲ್ಲಿ ಎಲ್ಲರೂ ಕೂಡಿ ಕೊಂಡಾಗ ಬಿಲ್ಲು ಕೇಳುವವರು ಜುಗ್ಗರಾಗುತ್ತಾರೆ, ಲೇಬಲು ಓದುವವರು ಬಸ್ಸನ್ನು ತಡಮಾಡಿದವರಾಗುತ್ತಾರೆ. ಸಹೋದ್ಯೋಗಿಗಳೆದುರು ಸಣ್ಣವರಾಗಬಾರದೆಂಬ ಈ ಸಂಕೋಚ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು.

ಊಟದ ಮೇಜಿನಲ್ಲಿಯೂ ಇದೇ ಸಂಕೋಚ ಬಂದು ಕೂರುತ್ತದೆ. ಇಪ್ಪತ್ತು ಮಂದಿಯ ಬಿಲ್ಲನ್ನು ಒಬ್ಬರು ತೆತ್ತು ಬಳಿಕ ಹಂಚುವಾಗ, ಅಡಿಯಲ್ಲಿ ಸೇರಿದ ‘ಸೇವಾಶುಲ್ಕ’ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ತೆರಿಗೆಯಲ್ಲ. ಬಿಲ್ಲಿಗೆ ತಾನಾಗಿ ಅದನ್ನು ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಉಚ್ಚ ನ್ಯಾಯಾಲಯ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಸಾಮಾನ್ಯ ಹೋಟೆಲಿನ ಊಟಕ್ಕೆ ಜಿ.ಎಸ್.ಟಿ. ಶೇ. 5. ಸಣ್ಣ ವ್ಯಾಪಾರಿಗಳಿಗಿರುವ ಕಾಂಪೋಸಿಷನ್ ಯೋಜನೆಯಲ್ಲಿರುವ ಹೋಟೆಲು ಅದನ್ನೂ ಗಿರಾಕಿಯಿಂದ ವಸೂಲು ಮಾಡುವಂತಿಲ್ಲ. ನೀರಿನ ಬಾಟಲಿಯ ವಿಷಯ ಮಾತ್ರ ಹಲವರು ತಿಳಿದಿರುವುದಕ್ಕಿಂತ ಬೇರೆ. ಅಂಗಡಿಯಲ್ಲಿ ಮುದ್ರಿತ ಬೆಲೆಗಿಂತ ಹೆಚ್ಚು ಕೇಳುವುದು ತಪ್ಪು. ಆದರೆ ಮೇಜು, ಕುರ್ಚಿ, ಪರಿಚಾರಿಕೆ ಕೂಡಿರುವ ಹೋಟೆಲು ಹೆಚ್ಚಿನ ದರ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ. ಅಲ್ಲಿ ಜಗಳಕ್ಕಿಳಿದರೆ ಪ್ರಯೋಜನವಿಲ್ಲ. ಕುಡಿಯಲು ಮಾಮೂಲು ನೀರು ಕೊಡಿರೆಂದು ಕೇಳುವುದೇ ಜಾಣತನ.

ಹಣದ ಮಾತು ಹಾಗಿರಲಿ. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ಹಲವರು ಅಸ್ವಸ್ಥರಾಗಿ ಹದಿಹರೆಯದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಪರೀಕ್ಷೆಯಲ್ಲಿ ಷಿಗೆಲ್ಲ ಎಂಬ ರೋಗಾಣು ಪತ್ತೆಯಾಯಿತು. ಆ ಬಳಿಕ ಕೇರಳ ಸರಕಾರ ಶವರ್ಮಕ್ಕೆ ಪ್ರತ್ಯೇಕ ಮಾನದಂಡ ತಂದಿತು. 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮೇಯನೇಸನ್ನು ನಿಷೇಧಿಸಿತು. ಪಾರ್ಸೆಲ್ ಆಹಾರದ ಪೊಟ್ಟಣದ ಮೇಲೆ ತಯಾರಿಸಿದ ದಿನ, ಸಮಯ ಮತ್ತು ಎಷ್ಟರೊಳಗೆ ತಿನ್ನಬೇಕೆಂಬ ಚೀಟಿ ಅಂಟಿಸುವುದನ್ನು ಕಡ್ಡಾಯಗೊಳಿಸಿತು. ಒಂದು ಜೀವ ಹೋದ ಮೇಲೆ ಬಂದ ಚೀಟಿ ಅದು. ಪ್ರವಾಸದ ಬಸ್ಸಿನಲ್ಲಿ ಮಧ್ಯಾಹ್ನ ಕಟ್ಟಿಸಿದ ಪೊಟ್ಟಣವನ್ನು ಸಂಜೆಯ ಹೊತ್ತಿಗೆ ‘ಹಾಳಾಗಲಿಕ್ಕಿಲ್ಲ’ ಎಂದು ಬಿಚ್ಚುವವರು ಅದರ ಮೇಲಿನ ಗಂಟೆಯನ್ನು ನೋಡಬೇಕು. ಚೀಟಿಯೇ ಇಲ್ಲದಿದ್ದರೆ ಆ ಹೋಟೆಲಿನಿಂದ ಪೊಟ್ಟಣ ತರದಿರುವುದು ಲೇಸು. ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪರವಾನಗಿಯ 14 ಅಂಕಿಗಳೂ ಇರಬೇಕು. 2022ರ ಜನವರಿಯಿಂದ ಇದು ನಿಯಮ. ದೂರು ಕೊಡುವಾಗ ಹೋಟೆಲಿನ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಈ ಅಂಕಿಗಳೇ, ಏಕೆಂದರೆ ಒಂದೇ ಹೆಸರಿನ ಹೋಟೆಲುಗಳು ಹೆದ್ದಾರಿಯುದ್ದಕ್ಕೂ ಇವೆ.

ರೈಲಿನಲ್ಲಿ ಹೊರಟವರಿಗೆ ಒಂದು ಅನುಕೂಲವಿದೆ. ಬಿಲ್ಲು ಕೊಡದಿದ್ದರೆ ಆಹಾರಕ್ಕೆ ಹಣ ಕೊಡಬೇಕಿಲ್ಲವೆಂಬುದು ರೈಲ್ವೆಯದೇ ಘೋಷಣೆ. ಒಂದು ಲೀಟರ್ ರೈಲ್ ನೀರ್ ಬಾಟಲಿಯ ಬೆಲೆಯನ್ನು 2025ರ ಸೆಪ್ಟೆಂಬರ್ 22ರಿಂದ 15 ರೂಪಾಯಿಯಿಂದ 14ಕ್ಕೆ ಇಳಿಸಲಾಗಿದೆ. ಆ ಒಂದು ರೂಪಾಯಿಗಾಗಿ 139ಕ್ಕೆ ಕರೆ ಮಾಡಲು ನಾಚಿಕೆಪಡಬೇಕಾದವರು ಪ್ರಯಾಣಿಕರಲ್ಲ.

ಸಹೋದ್ಯೋಗಿಗಳ ಪ್ರಯಾಣದಲ್ಲಿ ಬಿಲ್ಲಿಗಿಂತ ಗಂಭೀರವಾದ ಇನ್ನೊಂದು ಸಂಗತಿಯುಂಟು. ಮೌಲ್ಯಮಾಪನ ಶಿಬಿರಕ್ಕೋ ತರಬೇತಿಗೋ ಮಕ್ಕಳನ್ನು ಕರೆದುಕೊಂಡು ಕಲೋತ್ಸವಕ್ಕೋ ಹೋದ ಶಿಕ್ಷಕಿಗೆ ದಾರಿಯಲ್ಲಿ ಲೈಂಗಿಕ ಕಿರುಕುಳವಾದರೆ ಅದು ‘ಶಾಲೆಯ ಹೊರಗೆ ನಡೆದದ್ದು’ ಎಂದು ತಳ್ಳಿಹಾಕಲು ಬರುವುದಿಲ್ಲ. 2013ರ ಕಾಯ್ದೆಯಲ್ಲಿ ಕೆಲಸದ ನಿಮಿತ್ತ ಹೋದ ಯಾವುದೇ ಸ್ಥಳ, ಆ ಪ್ರಯಾಣಕ್ಕೆ ಸಂಸ್ಥೆ ಒದಗಿಸಿದ ವಾಹನ, ಎಲ್ಲವೂ ಕೆಲಸದ ಸ್ಥಳವೇ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಇರಬೇಕು. ದೂರಿಗೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ. ಪ್ರವಾಸದ ಸಂತೋಷವನ್ನು ಕೆಡಿಸಬಾರದೆಂದು ಬಾಯಿ ಮುಚ್ಚಿಕೊಂಡು ಬಂದವರಿಗೆ ಆ ಅವಧಿ ಬೇಗನೆ ಮುಗಿದುಹೋಗುತ್ತದೆ.

ಊಟಿಯಲ್ಲಿ ಮೋಸವಾದರೆ ಊಟಿಗೇ ಅಲೆಯಬೇಕೆಂಬ ಭಯವೂ ಅನೇಕರ ಬಾಯಿ ಕಟ್ಟಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಆ ಭಯವನ್ನು ತೆಗೆದುಹಾಕಿತು. ವಸ್ತುವನ್ನು ಎಲ್ಲಿ ಕೊಂಡಿದ್ದರೂ ಗ್ರಾಹಕ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಹೂಡಬಹುದು. ತೆತ್ತ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ, ಇದನ್ನು ವಕೀಲರು ತಾವಾಗಿ ಹೇಳುವುದು ಕಡಿಮೆ.

ಉಳಿದದ್ದು ಭಾಷೆಯ ಪ್ರಶ್ನೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಕುರಿತಾದ ಸಂವಿಧಾನದ 350ಎ ವಿಧಿಯನ್ನು ಗಡಿನಾಡಿನ ಕನ್ನಡ ಶಾಲೆಗಳ ಸಭೆಗಳಲ್ಲಿ ಕೇಳದವರಿಲ್ಲ. ಅದರ ಹಿಂದೆಯೇ ಇರುವ 350ನೆಯ ವಿಧಿ ಅಷ್ಟು ಪರಿಚಿತವಲ್ಲ. ಯಾವುದೇ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಅದು ಪ್ರತಿಯೊಬ್ಬರಿಗೂ ಕೊಟ್ಟಿದೆ. ನ್ಯಾಯಾಲಯದ ದಾವೆಯ ಮಾತು ಬೇರೆ. ಔಷಧ ನಿಯಂತ್ರಣಾಧಿಕಾರಿಗೂ ಆಹಾರ ಸುರಕ್ಷತಾ ಅಧಿಕಾರಿಗೂ ಬರೆಯುವ ದೂರು ಕನ್ನಡದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಹಿಂದಿರುಗಿಸಲಾಗದು. ಕಾಸರಗೋಡಿಗೆ ಸಲ್ಲುವ ಈ ಮಾತು ಸೊಲ್ಲಾಪುರಕ್ಕೂ ತಾಳವಾಡಿಗೂ ಆದೋನಿಗೂ ಸಲ್ಲುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಸೇವೆ ನೀಡುವ 17 ಭಾಷೆಗಳಲ್ಲಿ ಕನ್ನಡವೂ ಒಂದು. ಕರೆ ಮಾಡುವವರು ಕರ್ನಾಟಕದವರೇ ಆಗಿರಬೇಕೆಂಬ ನಿಯಮವಿಲ್ಲ.

ದೂರಿಗೆ ಬೇಕಾದುದು ಖರೀದಿಯ ದಿನ, ಅಂಗಡಿಯ ಹೆಸರು, ಬ್ಯಾಚ್ ಸಂಖ್ಯೆ, ಬಿಲ್ಲು, ಸಾಧ್ಯವಾದರೆ ಉಳಿದ ಕ್ರೀಮು ಇರುವ ಡಬ್ಬಿ. ಗ್ರಾಹಕ ಆಯೋಗದಲ್ಲಿ ದೂರು ಹೂಡಲು ಎರಡು ವರ್ಷಗಳ ಕಾಲಾವಕಾಶವಿದೆ. ಆದರೆ ಇಂದಿನ ಯಂತ್ರಗಳು ಕಕ್ಕುವ ನುಣುಪು ಕಾಗದದ ಬಿಲ್ಲಿನಲ್ಲಿ ಅಕ್ಷರಗಳು ಅಷ್ಟು ಕಾಲ ಉಳಿಯುವುದಿಲ್ಲ, ಬಿಸಿಲು ತಾಗಿದರೆ ಇನ್ನೂ ಬೇಗನೆ ಮಾಸುತ್ತವೆ. ಬಿಲ್ಲು ಕೈಗೆ ಬಂದ ದಿನವೇ ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಡತಕ್ಕದ್ದು.