ಕರೆದರೆ ತಿರುಗಿ ನೋಡದ ಮಗು: ಸ್ವಲೀನತೆಯ ಪರೀಕ್ಷೆ ಎಲ್ಲಿ, ಹೇಗೆ?



ಜ್ವರ ಬಂದರೆ ಅಳೆಯಲು ಥರ್ಮಾಮೀಟರು ಇದೆ. ಕಾಮಾಲೆಯ ಸಂದೇಹ ಬಂದರೆ ರಕ್ತಪರೀಕ್ಷೆ ಇದೆ. ಎಲುಬು ಮುರಿದರೆ ಕ್ಷ-ಕಿರಣದ ಚಿತ್ರವಿದೆ. ಆದರೆ ಸ್ವಲೀನತೆ, ಅಂದರೆ ಆಟಿಸಂ, ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ. ಮೆದುಳಿನ ಸ್ಕ್ಯಾನ್ ಕೂಡ ಅದನ್ನು ಹೇಳಲಾರದು. ಹಾಗಾದರೆ ವೈದ್ಯರು ತಿಳಿಯುವುದು ಹೇಗೆ? ಮಗುವನ್ನು ಗಮನಿಸಿ, ಅದರೊಂದಿಗೆ ಆಡಿ, ಅದರ ಜೊತೆ ಬಾಳುವವರನ್ನು ಕೇಳಿ ತಿಳಿಯುತ್ತಾರೆ. ಎಂದರೆ ಈ ಪರೀಕ್ಷೆಗೆ ಬೇಕಾದ ಅರ್ಧ ಮಾಹಿತಿ ಆಸ್ಪತ್ರೆಯಲ್ಲಿ ಇರುವುದಿಲ್ಲ. ಅದು ಮನೆಯಲ್ಲಿ, ಓಣಿಯಲ್ಲಿ, ಶಾಲೆಯಲ್ಲಿ ಇರುತ್ತದೆ. ಅಕ್ಕ, ಅಣ್ಣ, ಸಹಪಾಠಿಗಳಾದ ನೀವು ಕಂಡದ್ದಕ್ಕೂ ಇಲ್ಲಿ ಬೆಲೆ ಇದೆ.

ಸ್ವಲೀನತೆ ಎಂದರೇನು?

ಇದು ಅಂಟುವ ರೋಗವಲ್ಲ, ಹುಚ್ಚೂ ಅಲ್ಲ. ಮೆದುಳಿನ ಬೆಳವಣಿಗೆ ಹುಟ್ಟಿನಿಂದಲೇ ಬೇರೊಂದು ಬಗೆಯಲ್ಲಿ ಸಾಗುವ ಸ್ಥಿತಿ. ಇದಕ್ಕೆ ಮುಖ್ಯವಾಗಿ ಎರಡು ಗುರುತುಗಳು. ಒಂದು, ಇತರರೊಡನೆ ಬೆರೆಯುವುದರಲ್ಲಿ ಮತ್ತು ಮಾತು, ಸನ್ನೆ, ನೋಟಗಳ ಮೂಲಕ ವ್ಯವಹರಿಸುವುದರಲ್ಲಿ ತೊಡಕು. ಇನ್ನೊಂದು, ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವುದು, ಕೆಲವೇ ವಿಷಯಗಳಲ್ಲಿ ತೀವ್ರ ಆಸಕ್ತಿ, ಸದ್ದು, ಸ್ಪರ್ಶ, ಬೆಳಕುಗಳಿಗೆ ಅತಿಯಾದ ಅಥವಾ ತೀರ ಕಡಿಮೆಯಾದ ಪ್ರತಿಕ್ರಿಯೆ. ಕೆಲವರಿಗೆ ಮಾತೇ ಬರುವುದಿಲ್ಲ. ಕೆಲವರು ತರಗತಿಗೇ ಮೊದಲಿಗರಾಗಿರುತ್ತಾರೆ. 2021ರಲ್ಲಿ ಪ್ರಪಂಚದಲ್ಲಿ ಸುಮಾರು 127 ಜನರಿಗೆ ಒಬ್ಬರಂತೆ ಈ ಸ್ಥಿತಿಯವರಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಇಂಥ 11 ಮಕ್ಕಳ ವಿವರವನ್ನು ಪ್ರಕಟಿಸಿದರು. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ಇದೇ ಬಗೆಯ ಮಕ್ಕಳ ಬಗ್ಗೆ ಬರೆದರು. ಆಮೇಲೆ ಕೆಲವು ದಶಕಗಳ ಕಾಲ, ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂಬ ತಪ್ಪು ವಾದ ಹಬ್ಬಿತ್ತು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ ಅವಳಿ ಮಕ್ಕಳನ್ನು ಅಭ್ಯಸಿಸಿ, ವಂಶವಾಹಿಗಳ ಪಾತ್ರ ದೊಡ್ಡದೆಂದು ತೋರಿಸಿದರು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಸಂಶಯ ಹುಟ್ಟಿಸಿದ 1998ರ ಲೇಖನವನ್ನು, ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದ್ದರಿಂದ ಹಡೆದವ್ವನನ್ನು ದೂರುವುದಕ್ಕಾಗಲಿ ಲಸಿಕೆ ತಪ್ಪಿಸುವುದಕ್ಕಾಗಲಿ ಆಧಾರವಿಲ್ಲ.

ಕಾಯುವುದರ ಬೆಲೆ

ಎರಡೂವರೆ ವರ್ಷದ ಮಗು ಮಾತಾಡುತ್ತಿಲ್ಲ ಎಂದರೆ ನಮ್ಮ ಕಡೆ ಮೊದಲು ಬರುವ ಸಮಾಧಾನ, "ಅವರಪ್ಪನೂ ತಡಾ ಮಾಡೇ ಮಾತಾಡಿದ್ದ" ಎಂಬುದು. ಕೆಲವು ಮಕ್ಕಳು ತಡವಾಗಿ ಮಾತು ಕಲಿಯುವುದು ನಿಜ. ಆದರೆ ಮಾತೊಂದನ್ನೇ ನೋಡಿದರೆ ಸಾಲದು. ಒಂದು ವರ್ಷ ತುಂಬಿದ ಮೇಲೂ ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲವೇ? ಒಂದೂವರೆ ವರ್ಷದ ಹೊತ್ತಿಗೆ ಎತ್ತನ್ನೋ ಬಸ್ಸನ್ನೋ ಬೆರಳು ಮಾಡಿ ನಿಮಗೆ ತೋರಿಸುವುದಿಲ್ಲವೇ? ಕಲಿತ ಮಾತುಗಳನ್ನು ಕಳೆದುಕೊಂಡಿತೇ? ಹಾಗಿದ್ದರೆ ಕಾಯಬಾರದು. ಮೆದುಳು ವೇಗವಾಗಿ ಬೆಳೆಯುವ ಆ ವರ್ಷಗಳಲ್ಲಿ ಮಾತು ಮತ್ತು ಆಟದ ತರಬೇತಿ ಸಿಕ್ಕರೆ ಮಗುವಿಗೆ ಅನುಕೂಲ ಹೆಚ್ಚು.

ಹರೆಯದ ಮಕ್ಕಳಲ್ಲಿ ಚಿತ್ರ ಬೇರೆ. ಹಾಸ್ಯವನ್ನು ನಿಜವೆಂದೇ ತಿಳಿಯುವ ಹುಡುಗ, ವೇಳಾಪಟ್ಟಿ ಬದಲಾದರೆ ತಳಮಳಿಸುವ ಹುಡುಗಿ, ಶಾಲೆಯ ಗಂಟೆ ಬಾರಿಸಿದೊಡನೆ ಕಿವಿ ಮುಚ್ಚಿಕೊಳ್ಳುವವನು, ಮಧ್ಯಾಹ್ನದ ಊಟದ ಗದ್ದಲದಿಂದ ದೂರ ಸರಿಯುವವಳು. ಇವರಿಗೆ "ಸೊಕ್ಕಿನವ", "ಮೊಂಡಿ" ಎಂಬ ಹೆಸರು ಬೀಳುತ್ತದೆ, ಏಟೂ ಬೀಳುವುದುಂಟು. ಹುಡುಗಿಯರು ಗೆಳತಿಯರ ನಡೆನುಡಿಯನ್ನು ಅನುಕರಿಸಿ ತಮ್ಮ ಕಷ್ಟವನ್ನು ಮರೆಮಾಡುವುದರಿಂದ ಅವರಲ್ಲಿ ಇದು ಇನ್ನೂ ತಡವಾಗಿ ಗೊತ್ತಾಗುತ್ತದೆ. ಹದಿನೈದು ವರ್ಷವಾದ ಮೇಲೆ ಪರೀಕ್ಷೆ ಮಾಡಿಸಿ ಏನು ಫಲ ಎನ್ನಬಾರದು. ಶಿಕ್ಷೆಯ ಬದಲು ನೆರವು ಸಿಗುವುದೇ ದೊಡ್ಡ ಫಲ.

ನೇಸರಗಿಯಿಂದ ಯಾವ ದಾರಿ?

ಬೈಲಹೊಂಗಲ ತಾಲೂಕಿನ ನೇಸರಗಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲ ಮೆಟ್ಟಿಲು ಊರಿನಲ್ಲಿಯೇ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಸಂಚಾರಿ ವೈದ್ಯರ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬಂದು 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ತಂಡ ಬರುವ ದಿನ ಅಂಗನವಾಡಿ ಕಾರ್ಯಕರ್ತೆಗೆ ಅಥವಾ ಗುರುಗಳಿಗೆ ಮೊದಲೇ ಹೇಳಿಟ್ಟರೆ ಮಗುವಿನ ಹೆಸರು ತಪ್ಪಿ ಹೋಗದು. ಮುಂದಿನ ತಪಾಸಣೆಗೆ ತಿಂಗಳುಗಳಿದ್ದರೆ ಕಾಯದೆ ಊರಿನ ಸರಕಾರಿ ಆಸ್ಪತ್ರೆಗೆ ಹೋಗಬೇಕು.

ಎರಡನೆಯ ಮೆಟ್ಟಿಲು ಬೈಲಹೊಂಗಲದ ತಾಲೂಕು ಆಸ್ಪತ್ರೆ. ಅಲ್ಲಿ ಮಕ್ಕಳ ವೈದ್ಯರನ್ನು ಕಾಣಬೇಕು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಂತೆ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ದಿನ ಯಾವುದೆಂದು ಅಲ್ಲಿಯೇ ಕೇಳಿ ತಿಳಿಯಬಹುದು.

ಮೂರನೆಯ ಮೆಟ್ಟಿಲು ಜಿಲ್ಲಾ ಕೇಂದ್ರ. ಊರ ಮುಂದಿನ ಬಾಗಲಕೋಟೆ ರಸ್ತೆಯ ಬಸ್ಸು ಹಿಡಿದರೆ ನೇರ ಬೆಳಗಾವಿ. ಬಾಲ ಸ್ವಾಸ್ಥ್ಯ ತಂಡಗಳು ಗುರುತಿಸಿದ ಮಕ್ಕಳಿಗಾಗಿ ಜಿಲ್ಲಾ ಮಟ್ಟದಲ್ಲಿ ಡಿ.ಇ.ಐ.ಸಿ. ಎಂಬ ಕೇಂದ್ರದ ವ್ಯವಸ್ಥೆ ಉಂಟು. ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ಶ್ರವಣ ಮತ್ತು ವಾಕ್ ತಜ್ಞರು ಒಂದೇ ಕಡೆ ದೊರೆಯಲಿ ಎಂಬುದು ಅದರ ಉದ್ದೇಶ. ಇನ್ನೂ ಹೆಚ್ಚಿನ ಪರೀಕ್ಷೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಎಲ್ಲಿಗೆ ಹೋಗಬೇಕೆಂದು ಮನೆಯವರಿಗೆ ತೋಚದಿದ್ದರೆ 14416 ಸಂಖ್ಯೆಗೆ ಫೋನು ಮಾಡಬಹುದು. ಇದು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಉಚಿತ ಸರಕಾರಿ ಸೇವೆ.

ಪರೀಕ್ಷೆಯ ಕೋಣೆಯಲ್ಲಿ

ಸಾಮಾನ್ಯವಾಗಿ ಮೊದಲು ನಡೆಯುವುದು ಕಿವಿಯ ಪರೀಕ್ಷೆ. ಕರೆದರೆ ತಿರುಗದ ಮಗುವಿಗೆ ಕಿವಿಯೇ ಕೇಳದಿರಬಹುದಲ್ಲವೇ? ಬಳಿಕ ಗರ್ಭದ ದಿನಗಳು, ಹೆರಿಗೆ, ಕುಳಿತದ್ದು, ನಡೆದದ್ದು, ಮೊದಲ ಮಾತು ಎಲ್ಲವನ್ನೂ ಕೇಳುತ್ತಾರೆ. ಮಗುವಿನ ಎದುರು ಆಟಿಕೆಗಳನ್ನಿಟ್ಟು ಅದು ಆಡುವ ರೀತಿಯನ್ನು ನೋಡುತ್ತಾರೆ. ಸೂಜಿ ಚುಚ್ಚುವ ಭಯವಿಲ್ಲ.

ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಒಂದು ಅಳತೆಗೋಲು ಐ.ಎಸ್.ಎ.ಎ. ಇದನ್ನು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯೊಂದು ಸಿದ್ಧಪಡಿಸಿತು. ಸಾಮಾಜಿಕ ಸಂಬಂಧ, ಭಾವನೆ, ಮಾತು, ವರ್ತನೆ, ಇಂದ್ರಿಯಗಳು, ಗ್ರಹಿಕೆ ಎಂಬ ಆರು ವಿಭಾಗಗಳಲ್ಲಿ 40 ಅಂಶಗಳಿವೆ. ಪ್ರತಿ ಅಂಶಕ್ಕೂ 1ರಿಂದ 5ರವರೆಗೆ ಅಂಕ. ಹೀಗಾಗಿ ಒಟ್ಟು ಮೊತ್ತ 40ರಿಂದ 200ರ ನಡುವೆ ಬರುತ್ತದೆ. 70ಕ್ಕಿಂತ ಕಡಿಮೆ ಇದ್ದರೆ ಈ ಅಳತೆಯಂತೆ ಆಟಿಸಂ ಇಲ್ಲ. 70ರಿಂದ ಮೇಲೆ ಅಲ್ಪ, ಮಧ್ಯಮ, ತೀವ್ರ ಎಂಬ ಹಂತಗಳು. ಶಾಲೆಯ ಅಂಕಪಟ್ಟಿಯಂತೆ ಇದನ್ನು ಓದಬಾರದು. ಇದು ಬುದ್ಧಿಯ ಅಳತೆಯಲ್ಲ. ಎಷ್ಟು ನೆರವು ಬೇಕೆಂಬುದರ ಅಂದಾಜು. ಒಂದೇ ಭೇಟಿಯಲ್ಲಿ ಎಲ್ಲವೂ ಮುಗಿಯದೆ ಎರಡು ಮೂರು ಸಲ ಹೋಗಬೇಕಾಗಬಹುದು. ದಿನಗೂಲಿಯ ಮನೆಗೆ ಇದು ಹಗುರವಲ್ಲ. ಅದಕ್ಕೇ ಹಿಂದಿನ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಜೋಪಾನವಾಗಿ ಒಯ್ಯಬೇಕು.

ಪ್ರಮಾಣಪತ್ರ ಏಕೆ?

1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಅದನ್ನು ಒಳಗೊಂಡಿತು. 2016ರ ಕಾಯಿದೆ ಗುರುತಿಸಿದ 21 ಬಗೆಯ ಅಂಗವಿಕಲತೆಗಳಲ್ಲಿ ಇದೂ ಒಂದು. ಶೇಕಡಾ 40 ಅಥವಾ ಹೆಚ್ಚಿನ ಅಂಗವಿಕಲತೆ ಇದೆಯೆಂದು ದೃಢಪಟ್ಟವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇಂಥ ಎಲ್ಲ ಅಂಗವಿಕಲರಿಗಾಗಿ ಕನಿಷ್ಠ ಶೇಕಡಾ 5 ಸ್ಥಾನಗಳು ಮೀಸಲು. ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಲು ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಒಂದು ಮಾತು ನೆನಪಿರಲಿ: ರೋಗನಿದಾನ ಬೇರೆ, ಪ್ರಮಾಣಪತ್ರ ಬೇರೆ. ಕಾರ್ಡು ಬರುವ ತನಕ ಮಾತಿನ ತರಬೇತಿಯನ್ನು ನಿಲ್ಲಿಸಿ ಕೂಡಬೇಕಾಗಿಲ್ಲ.

ನೀವು ಮಾಡಬಹುದಾದದ್ದು

ನಿಮ್ಮ ತಮ್ಮನಲ್ಲೋ ತಂಗಿಯಲ್ಲೋ ಇಂಥ ಗುರುತುಗಳು ಕಂಡರೆ ಒಂದು ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. "ಹಟಮಾರಿ" ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯದು. "ಮಿಕ್ಸರಿನ ಸದ್ದಿಗೆ ಕಿವಿ ಮುಚ್ಚಿ ಹತ್ತು ನಿಮಿಷ ಅತ್ತ, ಸದ್ದು ನಿಂತ ಮೇಲೆ ಸುಮ್ಮನಾದ" ಎಂದು ಬರೆದರೆ ಬಹಳ ತಿಳಿಯುತ್ತದೆ. ಅದು ಚೆನ್ನಾಗಿ ಮಾಡುವುದನ್ನೂ ಬರೆಯಿರಿ. ಅವ್ವ ಅಪ್ಪನಿಗೆ ಫಾರಂ ತುಂಬಲು ಕಷ್ಟವಾದರೆ ನೀವು ತುಂಬಿಕೊಡಿ. ಆದರೆ ನೀವೇ ವೈದ್ಯರಾಗಿ ಸಹಪಾಠಿಗೆ ಹೆಸರಿಡಬೇಡಿ. ಗುರುತಿಸುವ ಕೆಲಸ ತಜ್ಞರದು, ಗಮನಿಸುವ ಕೆಲಸ ನಿಮ್ಮದು.

ಚರ್ಚೆಗೆ: ನಿಮ್ಮ ಶಾಲೆಯಲ್ಲಿ ಗದ್ದಲ ಸಹಿಸಲಾಗದ ವಿದ್ಯಾರ್ಥಿಯೊಬ್ಬನಿದ್ದರೆ, ಹಣ ಖರ್ಚಿಲ್ಲದೆ ನಾಳೆಯಿಂದಲೇ ಬದಲಿಸಬಹುದಾದ ಮೂರು ಸಂಗತಿಗಳು ಯಾವುವು?